ಬೇಡದ ಹುಡುಕಾಟಕ್ಕೆ ದುಡ್ಡು ಕಟ್ಟಬೇಡಿ: ದಾವಣಗೆರೆಯಲ್ಲಿ ಗೂಗಲ್ ಜಾಹೀರಾತು ಕಲಿತ ನನ್ನ ಅನುಭವ

ಅಶೋಕ ರಸ್ತೆ ಕಡೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನನ್ನದು ಡಿಟಿಪಿ ಕೆಲಸವಾಗಿತ್ತು. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ, ಇವೇ. ಜನ ಲಗ್ನಪತ್ರಿಕೆಯನ್ನು ವಾಟ್ಸಾಪ್‌ನಲ್ಲೇ ಕಳಿಸಲು ಶುರು ಮಾಡಿದ ಮೇಲೆ ಕೆಲಸ ಇಳಿಯಿತು. ಆದರೆ ಕರಪತ್ರ ಹಾಕಿಸುತ್ತಿದ್ದ ಅಂಗಡಿಯವರಿಗೆ ಗಿರಾಕಿ ಬೇಕಾಗಿರುವುದು ಮಾತ್ರ ನಿಂತಿರಲಿಲ್ಲ. ಅವರೇ ಮುಂದೆ ನನ್ನ ಗಿರಾಕಿಗಳಾದರು.

ಆನ್‌ಲೈನ್ ದುಡಿಮೆ ಅಂದರೆ ಎಲ್ಲರೂ ಮೊದಲು ಹೇಳುವುದು ಬ್ಲಾಗ್ ಬರಿ, ಆಡ್‌ಸೆನ್ಸ್ (ನಮ್ಮ ಪುಟದಲ್ಲಿ ಗೂಗಲ್ ಜಾಹೀರಾತು ತೋರಿಸಿ ಗಳಿಸುವ ವ್ಯವಸ್ಥೆ) ಹಾಕು ಅಂತ. ನಾನೂ ಅದನ್ನು ನೋಡಿದೆ. ಅಲ್ಲಿ 100 ಡಾಲರ್ ಸೇರುವವರೆಗೆ ಹಣ ಕೈಗೆ ಬರುವುದಿಲ್ಲ. 10 ಡಾಲರ್ ಆದಾಗ ವಿಳಾಸ ಖಾತ್ರಿಗೆ ಅಂಚೆಯಲ್ಲಿ ಒಂದು ಪಿನ್ ಬರುತ್ತದೆ. ಸ್ವಂತ ಪುಟದ ಜಾಹೀರಾತನ್ನು ತಾನೇ ಒತ್ತಿದರೆ, ಸ್ನೇಹಿತರಿಂದ ಒತ್ತಿಸಿದರೆ ಖಾತೆಯನ್ನೇ ಮುಚ್ಚಬಹುದು. ಸಾವಿರಾರು ಓದುಗರಿದ್ದರೆ ಸರಿ, ಇಲ್ಲದಿದ್ದರೆ ಅದು ಸಂಬಳವಾಗುವುದಿಲ್ಲ. ಜಾಹೀರಾತು ತೋರಿಸಿ ಗಳಿಸುವುದಕ್ಕಿಂತ, ಜಾಹೀರಾತು ಕೊಡುವವರಿಗೆ ಕೆಲಸ ಮಾಡಿಕೊಡುವುದು ನಮ್ಮಂಥ ಊರಿಗೆ ಸರಿ ಅನ್ನಿಸಿತು.

ಕಲಿಯಲು ದೊಡ್ಡ ಫೀಸಿನ ಕೋರ್ಸ್ ಬೇಕಿಲ್ಲ. ಗೂಗಲ್‌ನದೇ ಆನ್‌ಲೈನ್ ಪಾಠಗಳ ತಾಣ ಸ್ಕಿಲ್‌ಶಾಪ್ ಇದೆ, ಉಚಿತ. ಪರೀಕ್ಷೆಯಲ್ಲಿ 80 ಪರ್ಸೆಂಟ್ ಬಂದರೆ ಪಾಸು, ಸರ್ಟಿಫಿಕೇಟ್ ಒಂದು ವರ್ಷ ನಡೆಯುತ್ತದೆ. ಇಂಟರ್‌ನೆಟ್‌ನಲ್ಲಿ ಸಿಗುವ ಹಳೆಯ ಪಾಠಗಳ ಬಗ್ಗೆ ಸ್ವಲ್ಪ ಹುಷಾರಾಗಿರಿ. ಗೂಗಲ್‌ನಲ್ಲಿ ಜಾಹೀರಾತು ಕೊಡುವ ಸೇವೆ ಆಡ್‌ವರ್ಡ್ಸ್ ಅಂತ 2000ದಲ್ಲಿ ಶುರುವಾಯಿತು, ಅದಕ್ಕೆ 2018ರಿಂದ ಗೂಗಲ್ ಆಡ್ಸ್ ಅಂತ ಹೆಸರು. ಹಳೆ ವೀಡಿಯೊಗಳಲ್ಲಿ ತೋರಿಸುವ ಎಷ್ಟೋ ಬಟನ್ನು ಈಗ ಆ ಜಾಗದಲ್ಲಿ ಇಲ್ಲ. ಸರ್ಟಿಫಿಕೇಟ್ ತೋರಿಸಿ ಎಂದು ನಮ್ಮೂರಿನ ಯಾವ ಅಂಗಡಿಯವರೂ ನನ್ನನ್ನು ಕೇಳಿಲ್ಲ, ಅದು ಬೇರೆ ಮಾತು. ಪದಗಳ ಪರಿಚಯಕ್ಕೆ ಅದು ಸಾಕು. ಉಳಿದದ್ದೆಲ್ಲ ನಿಜವಾದ ದುಡ್ಡು ಖರ್ಚಾಗುವ ಖಾತೆಯಲ್ಲೇ ಕಲಿಯಬೇಕು.

ಮೊದಲು ತಲೆಗೆ ಹೋಗಬೇಕಾದದ್ದು ಹರಾಜಿನ ಲೆಕ್ಕ. ಯಾರಾದರೂ ಹುಡುಕಿದಾಗ ಯಾರ ಜಾಹೀರಾತು ಮೇಲೆ ಬರಬೇಕು ಅನ್ನುವುದನ್ನು ಗೂಗಲ್ ಹರಾಜಿನಲ್ಲೇ ತೀರ್ಮಾನಿಸುತ್ತದೆ. ಎಪಿಎಂಸಿಯಲ್ಲಿ ಮೆಕ್ಕೆಜೋಳಕ್ಕೆ ಜಾಸ್ತಿ ಕೂಗಿದವರಿಗೆ ಮಾಲು. ಗೂಗಲ್‌ನಲ್ಲಿ ಹಾಗಲ್ಲ. ಸರಳವಾಗಿ ಹೇಳುವುದಾದರೆ, ಒಬ್ಬರು ಕ್ಲಿಕ್ಕಿಗೆ 20 ರೂಪಾಯಿ ಹೇಳಿದ್ದಾರೆ, ಅವರ ಜಾಹೀರಾತಿಗೆ ಗೂಗಲ್ ಕೊಡುವ ಗುಣಮಟ್ಟದ ಅಂಕ 4 ಅಂತ ಇಟ್ಟುಕೊಳ್ಳಿ. ಇನ್ನೊಬ್ಬರು 12 ರೂಪಾಯಿ ಹೇಳಿದ್ದಾರೆ, ಅಂಕ 8. ಗುಣಿಸಿದರೆ 80 ಮತ್ತು 96. ಕಡಿಮೆ ಹೇಳಿದವರೇ ಮೇಲೆ ಬರುತ್ತಾರೆ. ನಿಜದ ಲೆಕ್ಕದಲ್ಲಿ ಇನ್ನೂ ಹಲವು ಸಂಗತಿ ಸೇರುತ್ತವೆ. ಆದರೆ ಗುಣಮಟ್ಟ ಅಳೆಯುವಾಗ ನೋಡುವ ಮೂರರಲ್ಲಿ ಒಂದು, ಕ್ಲಿಕ್ ಮಾಡಿದ ಮೇಲೆ ತೆರೆಯುವ ಪುಟ. ಅದಕ್ಕೇ ನಾನು ಜಾಹೀರಾತು ಮತ್ತು ವೆಬ್‌ಸೈಟ್ ಎರಡನ್ನೂ ಒಟ್ಟಿಗೆ ಕಲಿತೆ. ಬರೀ ಜಾಹೀರಾತು ಕಲಿತವರು ಪುಟದ ತಪ್ಪಿಗೆ ದುಡ್ಡು ಕಟ್ಟುತ್ತಲೇ ಇರುತ್ತಾರೆ.

ಮದುವೆ, ಗೃಹಪ್ರವೇಶಗಳಿಗೆ ಬೆಣ್ಣೆದೋಸೆ ಆರ್ಡರ್ ಹಿಡಿಯುವ ಅಡುಗೆಯವರೊಬ್ಬರು ನನ್ನ ಮೊದಲ ಗಿರಾಕಿಗಳಲ್ಲಿ ಒಬ್ಬರು. ಕೀವರ್ಡ್ (ಯಾವ ಹುಡುಕಾಟಕ್ಕೆ ಜಾಹೀರಾತು ಬರಬೇಕು ಅಂತ ನಾವು ಕೊಡುವ ಪದ) ಆಗಿ 'ಬೆಣ್ಣೆದೋಸೆ' ಅಂತ ಬ್ರಾಡ್ ಮ್ಯಾಚ್‌ನಲ್ಲಿ, ಅಂದರೆ ಸಂಬಂಧಪಟ್ಟ ಎಲ್ಲ ಹುಡುಕಾಟಕ್ಕೂ ತೋರಿಸುವಂತೆ ಹಾಕಿದರೆ ಏನಾಗುತ್ತದೆ ಹೇಳಿ? ದೋಸೆ ಮಾಡುವ ವಿಧಾನ ಹುಡುಕುವವರು, ಹೋಟೆಲ್ ಎಲ್ಲಿದೆ ಅಂತ ಹುಡುಕುವವರು, ಬೆಣ್ಣೆ ರೇಟು ನೋಡುವವರು ಎಲ್ಲ ಬರುತ್ತಾರೆ. ಐನೂರು ಜನದ ಊಟಕ್ಕೆ ಅಡುಗೆಯವರನ್ನು ಹುಡುಕುವವರು ಆ ಗುಂಪಿನಲ್ಲಿ ಎಲ್ಲೋ ಒಬ್ಬರು. ಹಾಗಾಗಿ ಫ್ರೇಸ್ ಮ್ಯಾಚ್ (ನಮ್ಮ ಪದಗುಚ್ಛದ ಅರ್ಥ ಒಳಗೊಂಡ ಹುಡುಕಾಟ) ಮತ್ತು ಎಕ್ಸಾಕ್ಟ್ ಮ್ಯಾಚ್‌ನಿಂದ (ಅದೇ ಅರ್ಥದ ಹುಡುಕಾಟ) ಶುರು ಮಾಡಿದೆ. ಕ್ಯಾಟರಿಂಗ್, ಮದುವೆ, ಆರ್ಡರ್ ಇಂಥ ಪದ ಜೊತೆಗಿರುವ ಹುಡುಕಾಟ ಮಾತ್ರ.

ಆಮೇಲೆ ದಿನಾ ಬೆಳಿಗ್ಗೆ ಸರ್ಚ್ ಟರ್ಮ್ಸ್ ರಿಪೋರ್ಟ್ ತೆಗೆದು ಕೂರುವುದು. ಜನ ನಿಜವಾಗಿ ಏನು ಟೈಪ್ ಮಾಡಿದರು ಅನ್ನುವುದು ಅಲ್ಲಿ ಕಾಣುತ್ತದೆ. ಈ ಕಸುಬಿನಲ್ಲಿ ನನಗೆ ತುಂಬಾ ಇಷ್ಟದ ಭಾಗ ಇದೇ. ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಮಾಡುವವರ ಖಾತೆಯಲ್ಲಿ ರಿವೈಂಡಿಂಗ್ ಕೋರ್ಸ್, ರಿವೈಂಡಿಂಗ್ ಚಾರ್ಟ್ ಪಿಡಿಎಫ್, ತಾಮ್ರದ ತಂತಿ ರೇಟು, ಐಟಿಐ ಕೆಲಸ, ಸೆಕೆಂಡ್ ಹ್ಯಾಂಡ್ ಮೋಟಾರ್, ಹೀಗೆ ಸಾಲು ಸಾಲು. ಒಂದೊಂದನ್ನೂ ನೆಗೆಟಿವ್ ಕೀವರ್ಡ್ ಪಟ್ಟಿಗೆ, ಅಂದರೆ ಜಾಹೀರಾತು ತೋರಿಸಬೇಡ ಎಂದು ಹೇಳುವ ಪದಗಳ ಪಟ್ಟಿಗೆ ಸೇರಿಸಬೇಕು. ಏಕವಚನ, ಬಹುವಚನ ಎರಡನ್ನೂ ಬೇರೆ ಬೇರೆಯಾಗಿ ಹಾಕಬೇಕು. ಮಾಮೂಲಿ ಕೀವರ್ಡಿಗೆ ಹತ್ತಿರದ ರೂಪಗಳನ್ನು ಗೂಗಲ್ ತಾನೇ ಸೇರಿಸಿಕೊಳ್ಳುತ್ತದೆ, ನೆಗೆಟಿವ್‌ಗೆ ಸ್ಪೆಲಿಂಗ್ ತಪ್ಪು ಬಿಟ್ಟರೆ ಆ ಉಪಕಾರ ಇಲ್ಲ. ನನ್ನನ್ನು ಕೇಳಿದರೆ ಒಳ್ಳೆ ಖಾತೆಯ ಆಸ್ತಿ ಅದರ ನೆಗೆಟಿವ್ ಪಟ್ಟಿ. ಜಾಹೀರಾತಿನ ಸಾಲನ್ನು ಯಾರು ಬೇಕಾದರೂ ನೋಡಿ ನಕಲು ಮಾಡಬಹುದು. ಈ ಪಟ್ಟಿ ಹೊರಗಿನವರಿಗೆ ಕಾಣುವುದೇ ಇಲ್ಲ.

ಕ್ಯಾಂಪೇನ್ ಮಾಡುವಾಗ ಎರಡು ಸೆಟ್ಟಿಂಗ್ ಕಡ್ಡಾಯ ನೋಡಿ. ಸರ್ಚ್ ಕ್ಯಾಂಪೇನಿನಲ್ಲಿ ಡಿಸ್‌ಪ್ಲೇ ನೆಟ್‌ವರ್ಕ್‌ನ (ಬೇರೆ ವೆಬ್‌ಸೈಟು, ಆಪ್‌ಗಳಲ್ಲಿ ಜಾಹೀರಾತು ತೋರಿಸುವ ಜಾಲ) ಟಿಕ್ ತೆಗೆಯಿರಿ. ಇನ್ನು ಜಾಗದ ವಿಷಯ. ಸುಮ್ನೆ ಬಿಟ್ಟರೆ ಆ ಊರಲ್ಲಿ ಇರುವವರ ಜೊತೆಗೆ, ಆ ಊರಿನ ಬಗ್ಗೆ ಆಸಕ್ತಿ ತೋರಿಸಿದವರಿಗೂ ಜಾಹೀರಾತು ಹೋಗುತ್ತದೆ. ಬೆಂಗಳೂರಲ್ಲಿ ಕೂತು ದಾವಣಗೆರೆ ಅಂತ ಹುಡುಕಿದವರೂ ಅದರಲ್ಲಿ ಬರುತ್ತಾರೆ. ಅಡುಗೆಯವರಿಗೆ ಇದು ಲಾಭವೇ, ಮದುವೆ ಇಲ್ಲಿ, ಮಗ ಬೆಂಗಳೂರಲ್ಲಿ ಅಲ್ವಾ. ಮೋಟಾರ್ ರಿಪೇರಿಯವರಿಗೆ ಪೂರಾ ನಷ್ಟ. ಅವರಿಗೆ ಜಿಲ್ಲೆ ಆರಿಸುವ ಬದಲು ಊರಿನ ಸುತ್ತ ಕಿಲೋಮೀಟರ್ ಲೆಕ್ಕದಲ್ಲಿ ವೃತ್ತ ಹಾಕಿದೆ. ರಾಣೆಬೆನ್ನೂರು ಹಾವೇರಿ ಜಿಲ್ಲೆಗೆ ಸೇರಿದ್ದರೂ ಹೆದ್ದಾರಿ ಹಿಡಿದರೆ ಹತ್ತಿರ. ರೈತರು ಮೋಟಾರು ಹೇರಿಕೊಂಡು ಬರುವಾಗ ಜಿಲ್ಲೆಯ ಗಡಿ ನೋಡುವುದಿಲ್ಲ.

ಜಾಹೀರಾತು ಬರೆಯುವುದರಲ್ಲಿ ಕನ್ನಡಕ್ಕೆ ಒಂದು ಇಕ್ಕಟ್ಟಿದೆ. ತಲೆಬರಹ 15 ಕೊಡಬಹುದು, ಒಂದೊಂದಕ್ಕೆ 30 ಅಕ್ಷರದ ಮಿತಿ. ವಿವರಣೆ 4, ತಲಾ 90. ನಮಗೆ 'ದಾವಣಗೆರೆ' ಐದು ಅಕ್ಷರ, ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೆ ಕಂಪ್ಯೂಟರ್ ಬಳಸುವ ಸಂಕೇತ) ಲೆಕ್ಕದಲ್ಲಿ 8, ಯಾಕೆಂದರೆ ಕಾಗುಣಿತದ ಚಿಹ್ನೆಗಳೂ ಎಣಿಕೆಗೆ ಬರುತ್ತವೆ. ಒತ್ತಕ್ಷರ ಬಂದರೆ ಇನ್ನೂ ಹೆಚ್ಚು. ಕರಪತ್ರದ ಶೈಲಿ ಇಲ್ಲಿ ನಡೆಯುವುದಿಲ್ಲ. 'ಮೋಟಾರ್ ಸುಟ್ಟಿದೆಯೇ?' ಅಂದರೆ ಮುಗಿಯಿತು.

ವೆಬ್‌ಸೈಟಿಗೆ ಬಂದರೆ, ಮೊದಲು ಎಚ್‌ಟಿಎಂಎಲ್, ಸಿಎಸ್‌ಎಸ್ (ವೆಬ್ ಪುಟ ಕಟ್ಟುವ, ಅಂದಗೊಳಿಸುವ ಭಾಷೆಗಳು) ಕಲಿತು ಒಂದೇ ಪುಟದ ಸೈಟ್ ಮಾಡಿದೆ. ಕೋಡ್ ಬರೆಯದೆ ಸೈಟ್ ಮಾಡುವ ವರ್ಡ್‌ಪ್ರೆಸ್ ಆಮೇಲೆ. ಅಂಗಡಿಯವರಿಗೆ ಬಹಳ ಸಲ ಒಂದು ಪುಟ ಸಾಕು. ಡಿಟಿಪಿಯಲ್ಲಿ ಕೂತಿದ್ದು ಇಲ್ಲಿ ಕೆಲಸಕ್ಕೆ ಬಂತು. ನಮ್ಮ ಹಳೇ ಕರಪತ್ರಗಳೆಲ್ಲ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಇದ್ದವು. ಅದನ್ನು ಹಾಗೇ ಕಾಪಿ ಮಾಡಿ ವೆಬ್ ಪುಟಕ್ಕೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಯೂನಿಕೋಡಿಗೆ ಪರಿವರ್ತಿಸಿ, ಒಮ್ಮೆ ಕಣ್ಣಾಡಿಸಿ ಆಮೇಲೆ ಹಾಕಬೇಕು. ಅರ್ಕಾವತ್ತು ಎಲ್ಲಾದರೂ ಜಾಗ ಬದಲಿಸಿದೆಯೇ ಅಂತ ನಾನು ತಪ್ಪದೆ ನೋಡುತ್ತೇನೆ.

ಇನ್ನೊಂದು ತೊಂದರೆ, ರೆಡಿಮೇಡ್ ಥೀಮ್‌ಗಳದ್ದು, ಅಂದರೆ ಮೊದಲೇ ಮಾಡಿಟ್ಟ ಪುಟ ವಿನ್ಯಾಸಗಳದ್ದು. ಅವನ್ನು ಇಂಗ್ಲಿಷ್ ಅಕ್ಷರ ನೋಡಿಕೊಂಡು ಮಾಡಿರುತ್ತಾರೆ. ಸಾಲುಗಳ ನಡುವೆ ಜಾಗ ಕಡಿಮೆ. ಕನ್ನಡ ಹಾಕಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಸಿಎಸ್‌ಎಸ್‌ನಲ್ಲಿ ಲೈನ್ ಹೈಟ್ 1.6ರ ಮೇಲೆ ಇಟ್ಟರೆ ಉಸಿರಾಡಲು ಜಾಗ ಸಿಗುತ್ತದೆ. ಫಾಂಟಿಗೆ ನೋಟೊ ಸಾನ್ಸ್ ಕನ್ನಡ ಬಳಸುತ್ತೇನೆ, ಉಚಿತ. ಬೇಕಾದ ದಪ್ಪ ಒಂದೆರಡನ್ನೇ ಹಾಕಿ, ಇಡೀ ಕುಟುಂಬವನ್ನು ಎಳೆದು ತಂದರೆ ಪುಟ ಭಾರವಾಗುತ್ತದೆ. ಫೋಟೊ ಕೂಡ ಹಾಗೇ. ಮೊಬೈಲಿನಲ್ಲಿ ತೆಗೆದ 4 ಎಂಬಿ ಫೋಟೊವನ್ನು ನೇರ ಹಾಕುವವರೇ ಜಾಸ್ತಿ. ವೆಬ್‌ಪಿ ಅನ್ನುವ ಹಗುರ ಫೋಟೊ ರೂಪಕ್ಕೆ ಬದಲಿಸಿ 200 ಕೆಬಿ ಒಳಗೆ ತರುತ್ತೇನೆ. ಜಗಳೂರು ಕಡೆಯ ತೋಟದಲ್ಲಿ ನಿಂತು, ಸಿಗ್ನಲ್ ಒಂದೇ ಕಡ್ಡಿ ಇರುವಾಗ ಪುಟ ತೆರೆಯಬೇಕು. ಆಫೀಸಿನ ವೈಫೈನಲ್ಲಿ ತೆರೆಯಿತು ಅಂದರೆ ಏನೂ ಹೇಳಿದಂತಾಗಲಿಲ್ಲ.

ಪುಟದ ಮೇಲ್ಭಾಗದಲ್ಲೇ ಕರೆ ಮಾಡುವ ಬಟನ್, ಪಕ್ಕದಲ್ಲಿ ವಾಟ್ಸಾಪ್. ಫಾರ್ಮ್ ತುಂಬಿಸುವವರು ನಮ್ಮ ಕಡೆ ಕಡಿಮೆ. ಈ ಬಟನ್ ಒತ್ತಿದ್ದನ್ನು ಕನ್ವರ್ಷನ್ (ಜಾಹೀರಾತಿನಿಂದ ಸಿಕ್ಕ ಫಲ) ಅಂತ ಎಣಿಸುವ ವ್ಯವಸ್ಥೆ ಮಾಡಿದ ಮೇಲೆ ಮಾತ್ರ ಜಾಹೀರಾತು ಚಾಲೂ ಮಾಡುತ್ತೇನೆ. ಕ್ಲಿಕ್ಕಿಗೆ 12 ರೂಪಾಯಿ, 20 ಕ್ಲಿಕ್ಕಿಗೆ ಒಂದು ಕರೆ ಬಂದರೆ ಆ ಕರೆಗೆ 240 ರೂಪಾಯಿ ಬಿತ್ತು. ಅಂಗಡಿಯವರಿಗೆ ಈ ಭಾಷೆ ಥಟ್ಟನೆ ಅರ್ಥವಾಗುತ್ತದೆ. ಇಂಪ್ರೆಷನ್ (ಎಷ್ಟು ಸಲ ಕಂಡಿತು), ಸಿಟಿಆರ್ (ಕಂಡದ್ದರಲ್ಲಿ ಎಷ್ಟು ಪಾಲು ಕ್ಲಿಕ್ ಆಯಿತು) ಅಂತ ಶುರು ಮಾಡಿದರೆ ಮುಖ ನೋಡುತ್ತಾರೆ. ಫೋನ್ ಎತ್ತುವ ಹೊತ್ತಿಗೆ ಮಾತ್ರ ಜಾಹೀರಾತು ಓಡಬೇಕು. ಮೋಟಾರ್ ಅಂಗಡಿಗೆ ಬೆಳಿಗ್ಗೆ ಆರರಿಂದ ಇಟ್ಟೆ, ಏಕೆಂದರೆ ಮೋಟಾರ್ ಸುಟ್ಟಿರುವುದು ಗೊತ್ತಾಗುವುದೇ ತೋಟಕ್ಕೆ ನೀರು ಬಿಡಲು ಹೋದಾಗ.

ದುಡ್ಡಿನ ವ್ಯವಹಾರ ಹೇಳಿಬಿಡುತ್ತೇನೆ. ಗೂಗಲ್ ಖಾತೆ, ಡೊಮೇನ್ (ಸೈಟಿನ ವಿಳಾಸ), ಹೋಸ್ಟಿಂಗ್ (ಸೈಟ್ ಇಡುವ ಜಾಗ) ಎಲ್ಲ ಅಂಗಡಿಯವರ ಹೆಸರಿನಲ್ಲೇ, ಅವರದೇ ಇಮೇಲಿನಲ್ಲಿ. ನಾನು ಹಲವರ ಖಾತೆ ನೋಡಿಕೊಳ್ಳುವ ಮ್ಯಾನೇಜರ್ ಖಾತೆಯಿಂದ ಅದಕ್ಕೆ ಕೈ ಜೋಡಿಸುತ್ತೇನೆ ಅಷ್ಟೇ. ಜಾಹೀರಾತಿನ ಹಣ ಅವರಿಂದ ನೇರ ಗೂಗಲ್‌ಗೆ ಹೋಗುತ್ತದೆ, ನನ್ನ ಕೈ ದಾಟುವುದಿಲ್ಲ. ಮುಂಗಡ ಕಟ್ಟುವ ಖಾತೆಯಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಕಟ್ಟಿದ ಹಣದಲ್ಲೇ ಮುರಿಯುತ್ತದೆ. 1000 ರೂಪಾಯಿ ಹಾಕಿದರೆ ಜಾಹೀರಾತಿಗೆ ಉಳಿಯುವುದು 847ರ ಸುಮಾರು. ಇದನ್ನು ಮೊದಲೇ ಹೇಳದಿದ್ದರೆ ಉಳಿದದ್ದು ನಮ್ಮ ಜೇಬಿಗೆ ಹೋಯಿತು ಅಂದುಕೊಳ್ಳುತ್ತಾರೆ. ಜಿಎಸ್‌ಟಿ ನಂಬರ್ ಇರುವವರು ಅದನ್ನು ಖಾತೆಯಲ್ಲಿ ತುಂಬಿಸಿದರೆ ಇನ್‌ಪುಟ್ ಕ್ರೆಡಿಟ್ (ಕಟ್ಟಿದ ತೆರಿಗೆಯನ್ನು ತಮ್ಮ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ಕೇಳಬಹುದು, ಆಡಿಟರ್ ಹತ್ತಿರ ಒಂದು ಮಾತು ಹೇಳಿದರಾಯಿತು. ದಿನದ ಬಜೆಟ್‌ನ ಎರಡು ಪಟ್ಟು ಕೆಲವು ದಿನ ಖರ್ಚಾಗಬಹುದು, ತಿಂಗಳಿಗೆ ಮಾತ್ರ ದಿನದ ಬಜೆಟ್‌ನ 30.4 ಪಟ್ಟು ದಾಟುವುದಿಲ್ಲ. ಇದನ್ನೂ ಹೇಳಿಡಿ.

ನನ್ನ ಗಳಿಕೆ ಎರಡು ತರಹ. ಸೈಟ್ ಕಟ್ಟಿಕೊಡಲು ಒಂದು ಸಲದ ಹಣ, ಅರ್ಧ ಮುಂಗಡ. ಖಾತೆ ನೋಡಿಕೊಳ್ಳಲು ತಿಂಗಳ ಫೀಸು. ಖರ್ಚಿನಲ್ಲಿ ಇಷ್ಟು ಪರ್ಸೆಂಟ್ ಅಂತ ಫೀಸು ತೆಗೆದುಕೊಳ್ಳುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ, ಖರ್ಚು ಇಳಿಸಿದವರಿಗೆ ಅದರಲ್ಲಿ ದಂಡ. ಮಳೆ ಹಿಡಿದ ಮೇಲೆ ಮೋಟಾರ್ ಅಂಗಡಿಯ ಜಾಹೀರಾತನ್ನು ನಾನೇ ನಿಲ್ಲಿಸಿ, ಆ ತಿಂಗಳುಗಳಿಗೆ ಫೀಸು ಅರ್ಧ ಮಾಡಿಕೊಳ್ಳುತ್ತೇನೆ. ಬೇಸಿಗೆ ಶುರುವಾಗುವ ಮೊದಲು ಅವರೇ ಫೋನ್ ಮಾಡುತ್ತಾರೆ. ಅಷ್ಟರಲ್ಲಿ ಮದುವೆ ಸೀಸನ್ನಿಗೆ ಅಡುಗೆಯವರ ಖಾತೆ ಚಾಲೂ ಆಗಿರುತ್ತದೆ.