ಯೂಟ್ಯೂಬ್ ಓಡುತ್ತಿತ್ತು, ಅರ್ಜಿಯ ಪುಟ ಮಾತ್ರ ತೆರೆಯಲಿಲ್ಲ

ಮೇ ತಿಂಗಳ ಕೊನೆಯ ವಾರ. ಹಿಂದಿನ ರಾತ್ರಿಯ ಸಿಡಿಲಿಗೆ ನನ್ನ ಆನ್‌ಲೈನ್ ಸೇವೆಯ ಅಂಗಡಿಯ ರೌಟರ್ ಸುಟ್ಟುಹೋಗಿತ್ತು. ಮಲೆನಾಡಿನಲ್ಲಿ ಮುಂಗಾರಿಗೆ ಮುಂಚಿನ ಗುಡುಗು ಮಳೆ ಪ್ರತಿ ವರ್ಷ ಒಂದಲ್ಲ ಒಂದು ಪೆಟ್ಟಿಗೆಯನ್ನು ಆಹುತಿ ತೆಗೆದುಕೊಳ್ಳುತ್ತದೆ. ಅದಕ್ಕೆಂದೇ ಅಟ್ಟದ ಮೇಲೆ ಹಳೆಯ ರೌಟರ್ ಒಂದನ್ನು ಇಟ್ಟುಕೊಂಡಿರುತ್ತೇನೆ. ಬೆಳಗ್ಗೆ ಅದನ್ನು ಇಳಿಸಿ, ದೂಳು ಒರೆಸಿ, ಫೈಬರ್ ಪೆಟ್ಟಿಗೆಗೆ ಜೋಡಿಸಿ, ಬಳಕೆದಾರರ ಹೆಸರು, ಗುಪ್ತಪದ ತುಂಬಿದೆ. ಹಸಿರು ದೀಪ ಹತ್ತಿತು. ಗೂಗಲ್ ತೆರೆಯಿತು, ಯೂಟ್ಯೂಬ್ ಓಡಿತು. ಸರಿಯಾಯಿತು ಎಂದುಕೊಂಡು ಕೆಲಸಕ್ಕೆ ಕುಳಿತೆ.

ಹತ್ತು ಗಂಟೆಗೆ ಹಳ್ಳಿಯಿಂದ ತಂದೆ, ಮಗಳು ಬಂದರು. ಹುಡುಗಿಯದು ಪಿಯುಸಿ ಮುಗಿದಿತ್ತು. ಹಾಸ್ಟೆಲ್ ಸೀಟಿಗೆ ಅರ್ಜಿ ಹಾಕಬೇಕಿತ್ತು, ಅಂದೇ ಕೊನೆಯ ದಿನ. ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಮಳೆಗೆ ನೆನೆಯದಂತೆ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ ತಂದಿದ್ದಳು. ಅರ್ಜಿಯ ತಾಣದ ವಿಳಾಸ ಹಾಕಿದೆ. ಬಿಳಿ ಪುಟ. ಟ್ಯಾಬಿನ ಮೂಲೆಯಲ್ಲಿ ಸಣ್ಣ ಉಂಗುರ ತಿರುಗುತ್ತಲೇ ಇತ್ತು.

ಆ ಉಂಗುರವನ್ನು ಸರಿಯಾಗಿ ನೋಡುವವರು ಕಡಿಮೆ. ಕ್ರೋಮ್‌ನಲ್ಲಿ ಉತ್ತರಕ್ಕಾಗಿ ಕಾಯುತ್ತಿರುವಾಗ ಅದು ಬೂದು ಬಣ್ಣದಲ್ಲಿ ಎಡಕ್ಕೆ ತಿರುಗುತ್ತದೆ. ಆ ಕಡೆಯಿಂದ ಮಾಹಿತಿ ಬರಲು ಶುರುವಾದ ಮೇಲೆ ನೀಲಿಯಾಗಿ ಬಲಕ್ಕೆ ತಿರುಗುತ್ತದೆ. ನಮ್ಮದು ಬೂದು ಬಣ್ಣದಲ್ಲಿಯೇ ಎಡಕ್ಕೆ ಸುತ್ತುತ್ತಿತ್ತು. ಕೆಳಗಿನ ಮೂಲೆಯಲ್ಲಿ ಸುರಕ್ಷಿತ ಸಂಪರ್ಕ ಏರ್ಪಡಿಸುತ್ತಿದ್ದೇನೆ ಎಂಬ ಸಾಲು ಅಲ್ಲಾಡದೆ ನಿಂತಿತ್ತು. ಅಂದರೆ ತಾಣದ ಹೆಸರಿನಿಂದ ಅದರ ಅಂಕಿಗಳ ವಿಳಾಸ ಸಿಕ್ಕಿದೆ, ಬಾಗಿಲು ತಟ್ಟಿದ್ದೂ ಆಗಿದೆ. ತೊಡಕು ಅದರ ಮುಂದಿನ ಮೆಟ್ಟಿಲಿನಲ್ಲಿದೆ.

ಖಾಸಗಿ ಕಿಟಕಿಯಲ್ಲಿ ತೆರೆದು ನೋಡಿದೆ, ಬ್ರೌಸರಿಗೆ ಸೇರಿಸಿಕೊಂಡ ವಿಸ್ತರಣೆಗಳನ್ನು (ಎಕ್ಸ್‌ಟೆನ್ಶನ್) ನಿಲ್ಲಿಸಿದೆ, ಫೈರ್‌ಫಾಕ್ಸ್‌ನಲ್ಲಿ ಪ್ರಯತ್ನಿಸಿದೆ. ಎಲ್ಲದರಲ್ಲಿಯೂ ಅದೇ ಬಿಳಿ ಪುಟ. ಬ್ರೌಸರಿನ ದತ್ತಾಂಶವನ್ನೆಲ್ಲ ಅಳಿಸುವ ಗುಂಡಿಯನ್ನು ಮಾತ್ರ ನಾನು ಮುಟ್ಟಲಿಲ್ಲ. ಪುಟ ತೆರೆಯದಿದ್ದರೆ ಮೊದಲು ಅದನ್ನೇ ಒತ್ತುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಅದರ ಜೊತೆಗೆ ಉಳಿಸಿಟ್ಟ ಗುಪ್ತಪದಗಳೂ ಹೋದವು ಎಂದು ಅಳುಮುಖ ಮಾಡಿಕೊಂಡು ಬಂದವರನ್ನು ಎಷ್ಟೋ ಸಲ ಕಂಡಿದ್ದೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ಅದು.

ಮುಂದಿನದು ನಾನು ತುಂಬಾ ನಂಬುವ ಪರೀಕ್ಷೆ. ನನ್ನ ಮೊಬೈಲಿನ ವೈಫೈ ಆರಿಸಿ, ಸಿಮ್ಮಿನ ಇಂಟರ್‌ನೆಟ್‌ನಲ್ಲಿ ಅದೇ ವಿಳಾಸ ತೆರೆದೆ. ನಿಧಾನವಾದರೂ ಪುಟ ಬಂತು. ತಾಣ ಬದುಕಿದೆ ಎಂದಾಯಿತು. ಆಮೇಲೆ ಆ ಮೊಬೈಲಿನ ಹಾಟ್‌ಸ್ಪಾಟಿಗೆ ಕಂಪ್ಯೂಟರನ್ನು ಜೋಡಿಸಿದೆ. ಅಲ್ಲಿಯೂ ಬಂತು. ಬ್ರೌಸರ್ ನಿರಪರಾಧಿ, ಕಂಪ್ಯೂಟರ್ ನಿರಪರಾಧಿ. ಉಳಿದದ್ದು ನನ್ನ ರೌಟರ್ ಮತ್ತು ಅದರಾಚೆಯ ದಾರಿ. ನಮ್ಮೂರಿನಲ್ಲಿ ಮೊಬೈಲ್ ಸಂಕೇತ ಕಿಟಕಿಯ ಬಳಿ ಒಂದು ಗೆರೆ ಬಂದು ಮರೆಯಾಗುತ್ತದೆ. ಐದು ದಾಖಲೆಗಳನ್ನು ಅದರ ಮೇಲೆ ಏರಿಸಲು ಹೊರಟು ಅರ್ಧ ದಾರಿಯಲ್ಲಿ ಕೈಕೊಟ್ಟರೆ ಎಂಬ ಭಯವಿತ್ತು. ತಂದೆ ಗೋಡೆಯ ಗಡಿಯಾರ ನೋಡುತ್ತಿದ್ದರು. ಒಂದೂವರೆಯ ಬಸ್ಸು ತಪ್ಪಿದರೆ ಅವರಿಗೆ ಸಂಜೆಯವರೆಗೆ ಬೇರೆ ಬಸ್ಸಿಲ್ಲ.

ಅದಕ್ಕೂ ಹಿಂದಿನ ವರ್ಷ ಇದೇ ಕಂಪ್ಯೂಟರಿನಲ್ಲಿ ಒಂದೇ ಒಂದು ತಾಣವೂ ತೆರೆಯದೆ ಹೋಗಿತ್ತು. ಆಗ ಬ್ರೌಸರ್ ಬಾಯಿ ಬಿಟ್ಟು ಹೇಳಿತ್ತು: ನಿಮ್ಮ ಗಡಿಯಾರ ಹಿಂದಿದೆ ಎಂದು. ಒಳಗಿನ ಗುಂಡಿ ಬ್ಯಾಟರಿ ಸತ್ತು, ಕರೆಂಟು ಹೋದಾಗಲೆಲ್ಲ ದಿನಾಂಕ ಹಲವು ವರ್ಷ ಹಿಂದಕ್ಕೆ ಜಿಗಿಯುತ್ತಿತ್ತು. ತಾಣಗಳ ಸುರಕ್ಷತಾ ಪ್ರಮಾಣಪತ್ರಕ್ಕೆ ಆರಂಭದ ದಿನವೂ ಕೊನೆಯ ದಿನವೂ ಇರುತ್ತವೆ. ಕಂಪ್ಯೂಟರಿನ ಲೆಕ್ಕದಲ್ಲಿ ಆ ಪತ್ರಗಳು ಇನ್ನೂ ಹುಟ್ಟಿಯೇ ಇರಲಿಲ್ಲ, ಹಾಗಾಗಿ ಅದು ಯಾರನ್ನೂ ಒಳಗೆ ಬಿಡಲಿಲ್ಲ. ಸಿಆರ್ 2032 ಎಂಬ, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪದ 3 ವೋಲ್ಟಿನ ಬಿಲ್ಲೆಯೊಂದನ್ನು ಬದಲಿಸಿ ದಿನಾಂಕ ಸರಿಪಡಿಸಿದ್ದಷ್ಟೇ. ಮಾತನಾಡುವ ತೊಂದರೆಗೆ ನಾನು ಅಂಜುವುದಿಲ್ಲ. ಈ ಸಲದ್ದು ಮೌನಿ.

ಆದೇಶ ಬರೆಯುವ ಕಪ್ಪು ಕಿಟಕಿ ತೆರೆದು, ಹೊರಗಿನ 1.1.1.1 ಎಂಬ ವಿಳಾಸಕ್ಕೆ ಪಿಂಗ್, ಅಂದರೆ ಇದ್ದೀಯಾ ಎಂದು ಕೇಳುವ ಸಣ್ಣ ಸಂದೇಶ, ಕಳಿಸಿದೆ. ಉತ್ತರ ತಕ್ಷಣ ಬಂತು. ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್ಎಸ್ ಬದಲಿಸಿ ನೋಡಿದೆ, ಪ್ರಯೋಜನವಿಲ್ಲ. ವಿಳಾಸ ಮೊದಲೇ ಸಿಗುತ್ತಿತ್ತಲ್ಲ. ಹಾಗಿದ್ದರೆ ಯೂಟ್ಯೂಬ್ ಹೇಗೆ ಓಡುತ್ತಿದೆ? ಈ ಪ್ರಶ್ನೆಯೇ ದಾರಿ ತೋರಿಸಿತು. ಸಣ್ಣದು ಹೋಗುತ್ತಿದೆ, ದೊಡ್ಡದು ಎಲ್ಲೋ ಸಿಕ್ಕಿಕೊಳ್ಳುತ್ತಿದೆಯೇ? ಪಿಂಗ್ ಆದೇಶಕ್ಕೆ ಎರಡು ಸೂಚನೆ ಸೇರಿಸಬಹುದು: ಪೊಟ್ಟಣವನ್ನು, ಅಂದರೆ ಒಂದು ಸಲಕ್ಕೆ ಹೋಗುವ ಮಾಹಿತಿಯ ಕಂತೆಯನ್ನು, ತುಂಡು ಮಾಡಬೇಡ ಎನ್ನುವುದು ಒಂದು, ಇಷ್ಟೇ ಗಾತ್ರದ್ದನ್ನು ಕಳಿಸು ಎನ್ನುವುದು ಇನ್ನೊಂದು. 1472 ಬೈಟ್ ಕಳಿಸಿದೆ. ನಾಲ್ಕಕ್ಕೆ ನಾಲ್ಕೂ ಕಾಣೆ. 1400 ಕಳಿಸಿದೆ, ನಾಲ್ಕೂ ಬಂದವು. 1450, ಬಂತು. 1470, ಇಲ್ಲ. 1464, ಬಂತು. 1465, ಇಲ್ಲ.

ಆ ಕ್ಷಣದ ಸಮಾಧಾನವನ್ನು ಹೇಳಲಾರೆ. 1464ಕ್ಕೆ ಪಿಂಗ್ ಪೊಟ್ಟಣದ ತಲೆಬರಹದ 28 ಬೈಟ್ ಕೂಡಿಸಿದರೆ 1492. ಸಾಮಾನ್ಯ ಈಥರ್‌ನೆಟ್ ತಂತಿ ಒಂದು ಸಲಕ್ಕೆ 1500 ಬೈಟ್ ಹೊರುತ್ತದೆ. ಆದರೆ ಹೆಸರು, ಗುಪ್ತಪದ ಕೊಟ್ಟು ಸೇರುವ ನಮ್ಮಂಥ ಸಂಪರ್ಕದಲ್ಲಿ ಪಿಪಿಪಿಒಇ ಎಂಬ ಹೊದಿಕೆ 8 ಬೈಟ್ ಜಾಗ ತಿನ್ನುತ್ತದೆ. ಉಳಿಯುವುದು 1492. ನನ್ನ ಹಳೆಯ ರೌಟರಿನ ಎಂಟಿಯು, ಅಂದರೆ ಒಂದು ಪೊಟ್ಟಣದ ಗರಿಷ್ಠ ಗಾತ್ರ, ಹಿಂದೆಂದೋ ಕೈಯಾರೆ 1500 ಎಂದು ತುಂಬಿದ್ದು ಹಾಗೆಯೇ ಇತ್ತು.

ಬ್ರೌಸರ್ ಬಾಗಿಲು ತಟ್ಟಲು ಕಳಿಸುವ ಮೊದಲ ಪೊಟ್ಟಣ ಸಣ್ಣದು, ಹೋಗಿಬಿಡುತ್ತದೆ. ತಾಣ ತನ್ನ ಪ್ರಮಾಣಪತ್ರವನ್ನು ತಿರುಗಿ ಕಳಿಸುತ್ತದಲ್ಲ, ಅದು ಹಲವು ಸಾವಿರ ಬೈಟ್. ತುಂಬಿದ ಪೊಟ್ಟಣಗಳಲ್ಲಿ ಹೊರಡುತ್ತದೆ. ಬಾಗಿಲಿಗಿಂತ 8 ಬೈಟ್ ಅಗಲವಾದ ಆ ಪೊಟ್ಟಣ ಮಧ್ಯದಲ್ಲಿ ನಿಂತುಬಿಡುತ್ತದೆ. ಸಣ್ಣದು ಮಾಡಿ ಕಳಿಸಿ ಎಂದು ದಾರಿಯಿಂದ ಹಿಂದಕ್ಕೆ ಹೋಗುವ ಸೂಚನೆಯನ್ನು ಎಷ್ಟೋ ಕಡೆ ಫೈರ್‌ವಾಲ್ ಎಂಬ ಜಾಲದ ಕಾವಲುಗಳು ತಡೆದುಬಿಡುತ್ತವೆ. ಇತ್ತ ಬ್ರೌಸರ್ ಕಾಯುತ್ತದೆ, ಅತ್ತ ತಾಣ ಕಾಯುತ್ತದೆ. ಗೂಗಲ್‌ನ ಸೇವೆಗಳಿಗೆ ಕ್ರೋಮ್ ಬಳಸುವ ಕ್ವಿಕ್ ಎಂಬ ವಿಧಾನದ ಪೊಟ್ಟಣಗಳು ಮೊದಲಿನಿಂದಲೇ 1500ಕ್ಕಿಂತ ಸಾಕಷ್ಟು ಚಿಕ್ಕವು. ಯೂಟ್ಯೂಬ್ ಓಡಿದ್ದು ಅದರಿಂದ. ಯೂಟ್ಯೂಬ್ ಬರುತ್ತಿದೆಯಲ್ಲ, ಇಂಟರ್‌ನೆಟ್ ಸರಿಯಿದೆ ಎಂದು ಅಂದಿನಿಂದ ನಾನು ಯಾರಿಗೂ ಹೇಳಿಲ್ಲ.

ರೌಟರಿನ ಪುಟಕ್ಕೆ ಹೋಗಿ 1500 ಅಳಿಸಿ 1492 ತುಂಬಿದೆ. ಉಳಿಸಿದೆ. ದೀಪಗಳೆಲ್ಲ ಆರಿ ಒಂದೊಂದಾಗಿ ಹತ್ತಿದವು. ವಿಳಾಸ ಹಾಕಿದಾಗ ಬೂದು ಉಂಗುರ ಕ್ಷಣ ಮಾತ್ರ ಎಡಕ್ಕೆ ಸುತ್ತಿ ನೀಲಿಯಾಗಿ ಬಲಕ್ಕೆ ತಿರುಗಿತು. ಬಂತು ಎಂದಳು ಹುಡುಗಿ, ನನಗಿಂತ ಮೊದಲು. ಒಂದು ಗಂಟೆ ಹತ್ತು ನಿಮಿಷಕ್ಕೆ ಸ್ವೀಕೃತಿ ಪತ್ರ ಮುದ್ರಣವಾಯಿತು. ಅದನ್ನೂ ಅದೇ ಪ್ಲಾಸ್ಟಿಕ್ ಚೀಲಕ್ಕೆ ಸೇರಿಸಿಕೊಂಡು ಇಬ್ಬರೂ ಬಸ್ ನಿಲ್ದಾಣದ ಕಡೆ ಓಡಿದರು.

ಆ ಸಿಡಿಲಿಗೆ ಹಿಂದಿನ ಬೀದಿಯ ಜೆರಾಕ್ಸ್ ಅಂಗಡಿಯವರೂ ರೌಟರ್ ಕಳೆದುಕೊಂಡಿದ್ದರು. ಸಂಜೆ ಫೋನ್ ಮಾಡಿದರು: ಎರಡು ತಾಣಗಳು ಬಿಟ್ಟರೆ ಎಲ್ಲವೂ ತೆರೆಯುತ್ತಿವೆ, ಬ್ರೌಸರ್ ಕಿತ್ತುಹಾಕಿ ಹೊಸದಾಗಿ ಹಾಕುತ್ತಿದ್ದೇನೆ ಎಂದರು. ಏನನ್ನೂ ಮುಟ್ಟಬೇಡಿ, ಬಾಗಿಲು ಹಾಕಿಕೊಂಡು ಬರುತ್ತೇನೆ ಎಂದೆ.