ಭಕ್ತಿ ಕಡಿಮೆಯಾಗಿ ಅಲ್ಲ, ಭಾನುವಾರ ಬಿಡುವಿಲ್ಲದೆ

ಚರ್ಚಿನ ಆರಾಧನೆಗೆ ಜನ ಯಾಕೆ ಬರಲ್ಲ ಅಂತ ಕೇಳಿದರೆ ಸಿಗುವ ಉತ್ತರ ಒಂದೇ: 'ಈಗ ಯಾರಿಗೂ ಭಕ್ತಿ ಇಲ್ಲ ಅಯ್ನೋರೆ, ಎಲ್ಲ ಮೊಬೈಲು.' ಕೊಡಗಿನ ಸಿದ್ದಾಪುರದ ಕಡೆಯ ಸಣ್ಣ ಕ್ರೈಸ್ತ ಸಭೆಗೆ ಸಭಾಪಾಲಕನಾಗಿ ಬಂದಾಗ ನನಗೂ ಹಿರಿಯರು ಹೀಗೇ ಹೇಳಿದರು. ನಾನು ತಲೆ ಎಣಿಸುವುದು ಬಿಟ್ಟು, ಬಾರದವರ ಹೆಸರು ಬರೆದಿಡಲು ಶುರು ಮಾಡಿದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಕ್ರಿಸ್‌ಮಸ್ ಒಂದು ಬಿಟ್ಟರೆ, ಪಟ್ಟಿಯ ತುಂಬಾ ಲೈನ್ ಮನೆಯವರೇ, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕೂಲಿಯವರೇ.

ಅದು ಕಾಫಿ ಕೊಯ್ಲಿನ ಕಾಲ. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ ಹಣ್ಣಾಗಿರುತ್ತದೆ. ಕುಯ್ದ ಹಣ್ಣಿಗೆ ಕಿಲೋ ಲೆಕ್ಕದಲ್ಲಿ ದುಡ್ಡು. ಒಂದು ಸಂಜೆ ಲೈನ್‌ಗೆ ಹೋದಾಗ ಒಬ್ಬ ಅಕ್ಕ ಕೈ ತೋರಿಸಿದರು. ಬೆರಳ ಸಂದಿಯಲ್ಲೆಲ್ಲ ಕಪ್ಪು ಕರೆ, ಎಷ್ಟು ಉಜ್ಜಿದರೂ ಹೋಗದ್ದು. 'ಈ ಮೂರು ತಿಂಗಳ ದುಡಿಮೆಯಲ್ಲೇ ಮಕ್ಕಳ ಫೀಸು ಕಟ್ಟಬೇಕು. ಮಳೆಗಾಲದಲ್ಲಿ ಕೆಲಸ ಎಲ್ಲಿದೆ ಅಯ್ನೋರೆ?' ಪ್ರಾರ್ಥನೆ ಮಾಡಿ ಅಂತ ಅವರೇ ಕೇಳಿದರು. ಇವರಿಗೆ ಭಕ್ತಿ ಇಲ್ಲ ಅನ್ನೋದು ಹೇಗೆ?

ಕೊಯ್ಲಿಲ್ಲದ ತಿಂಗಳಲ್ಲೂ ಭಾನುವಾರವೇ ಸಂತೆ. ಹೋಮ್‌ಸ್ಟೇಗಳಲ್ಲಿ ದುಡಿಯುವ ಹುಡುಗರಿಗೆ ಶನಿವಾರ, ಭಾನುವಾರವೇ ಜಾಸ್ತಿ ಕೆಲಸ. ಹಾಗಾಗಿ ಹತ್ತು ಗಂಟೆಯ ಆರಾಧನೆಯನ್ನು ಎಂಟೂವರೆಗೆ ತಂದೆವು. ಇನ್ನೂ ಬೇಗ ಇಡೋಣ ಅಂದರೆ ಮಂಜಿನಲ್ಲಿ ಆನೆ ಎದುರಾಗುವ ಭಯ. ಸಂಜೆಗೆ ಇಡೋಣ ಅಂದರೂ ಅದೇ ಕಥೆ, ಕತ್ತಲಾದರೆ ತೋಟದ ದಾರಿಯಲ್ಲಿ ಯಾರೂ ನಡೆಯಲ್ಲ. ಅದಕ್ಕೇ ಕೊಯ್ಲಿನ ತಿಂಗಳಲ್ಲಿ ವಾರದ ಮಧ್ಯೆ ನಾವೇ ಜೀಪಿನಲ್ಲಿ ಲೈನ್‌ಗೆ ಹೋಗುತ್ತೇವೆ. ಅಂಗಳದಲ್ಲಿ ಚಾಪೆ ಹಾಸಿ ಕೂರುತ್ತೇವೆ. ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿನ ಆನಂದಪುರದ ಸಭೆ ಕಟ್ಟಿದ್ದೂ ಕೂಲಿ ಮಾಡುವ ದಲಿತ ಕುಟುಂಬಗಳ ನಡುವೆಯೇ ಅಲ್ವಾ? ಹಿರಿಯರಿಗೆ ಇದನ್ನು ನೆನಪಿಸಿದೆ.

ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸಭೆಗೆ ಕೊಡಬೇಕಾದ ವಂತಿಗೆ ಬಾಕಿ ಇರುವವರ ಹೆಸರನ್ನು ಆರಾಧನೆ ಮುಗಿದ ಮೇಲೆ ಎಲ್ಲರೆದುರು ಓದುವ ರೂಢಿ ಇತ್ತು. ಹೆಸರು ಬಂದವರು ಮುಂದಿನ ವಾರ ಬರುತ್ತಿರಲಿಲ್ಲ. ನನಗೆ ತುಂಬಾ ನೋವಾದದ್ದು ಇದರಿಂದಲೇ. ದೇವರ ಮನೆಯಲ್ಲಿ ಬಡವರ ತಲೆ ತಗ್ಗಿಸಬಾರದು ಎಂದು ಸಮಿತಿಯಲ್ಲಿ ಹಟ ಹಿಡಿದು ನಿಲ್ಲಿಸಿದೆ. ಬಿಟ್ಟುಹೋಗಿದ್ದ ಕೆಲವು ಮನೆಯವರು ನಿಧಾನವಾಗಿ ಮತ್ತೆ ಬಂದರು.

ಬೆಂಗಳೂರು, ಮೈಸೂರು ಸೇರಿದ ಮಕ್ಕಳ ಜಾಗ ಖಾಲಿಯೇ ಇದೆ, ಅದಕ್ಕೆ ನನ್ನಲ್ಲಿ ಉಪಾಯವಿಲ್ಲ. ಈ ಸಲ ಕೊಯ್ಲಿನ ಹೊತ್ತಿಗೆ ಕರ್ತರ ಭೋಜನವನ್ನೂ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರ) ಲೈನ್‌ನಲ್ಲೇ ಕೊಡಲು ಹಿರಿಯರು ಒಪ್ಪಿದ್ದಾರೆ.