ಫ್ರಿಜ್ ಮೇಲಿನ ಹಾಳೆ

ಮಗಳಿಗೆ ಆಗ ಎರಡು ವರ್ಷ. ಹಗಲು ಅವಳನ್ನು ನೋಡಿಕೊಳ್ಳಲು ಯಾದಗಿರಿ ಕಡೆಯ ಅಕ್ಕ ಒಬ್ಬರು ಬರುತ್ತಿದ್ದರು. ಮೊದಲ ವಾರವೇ ಒಂದು ಹಾಳೆ ಟೈಪ್ ಮಾಡಿ ಫ್ರಿಜ್ ಮೇಲೆ ಅಂಟಿಸಿದೆ. ಜ್ವರ ಬಂದರೆ ಹೀಗೆ, ಬೆಂಕಿ ಹೊತ್ತಿದರೆ ಹಾಗೆ, ಕೆಳಗೆ 12 ಫೋನ್ ನಂಬರ್. ನೋಡಿ ನನಗೇ ಜಂಬ.

ಮೂರು ತಿಂಗಳಾದ ಮೇಲೆ ಮಗಳು ರೂಮಿಗೆ ಹೋಗಿ ಕೆಳಗಿನ ಚಿಲಕ ಹಾಕಿಕೊಂಡಳು. ನನ್ನ ಫೋನ್ ಸೈಲೆಂಟಲ್ಲಿತ್ತು. 11 ಮಿಸ್ಡ್ ಕಾಲ್. ಕೊನೆಗೆ ವಾಚ್‌ಮನ್ ಕಾರ್ಪೆಂಟರನ್ನು ಕರೆತಂದು ಬಾಗಿಲು ತೆಗೆಸಿದಾಗ ಮಗು ಅತ್ತು ಅತ್ತು ನೆಲದ ಮೇಲೇ ನಿದ್ದೆ ಹೋಗಿತ್ತು. ಪಕ್ಕದ ಮನೆ ಆಂಟಿಗೆ ಫೋನ್ ಮಾಡಬಹುದಿತ್ತಲ್ಲ, ಹಾಳೆಯಲ್ಲಿ ನಂಬರ್ ಇತ್ತಲ್ಲ ಅಂದೆ.

"ನನಗ ಓದಾಕ ಬರಂಗಿಲ್ರೀ ಅಕ್ಕಾರ."

ದಿನಾ ಆ ಹಾಳೆಯ ಮುಂದೆ ನಿಂತೇ ಹಾಲು ತೆಗೆಯುತ್ತಿದ್ದರು. ಒಂದು ಮಾತು ಕೇಳದೆ ಹೋದದ್ದು ನಾನು.

ಆ ಭಾನುವಾರ ಹಾಳೆ ಕಿತ್ತು ಹಾಕಿ, ಇಬ್ಬರೂ ಕೂತೆವು. ಕೆಳಗಿನ ಚಿಲಕಗಳನ್ನೆಲ್ಲ ಬಿಚ್ಚಿಸಿದೆ. ಮನೆಯ ಇನ್ನೊಂದು ಕೀ ಆಂಟಿ ಹತ್ತಿರ ಹೋಯಿತು. ಅಕ್ಕನ ಕೀಪ್ಯಾಡ್ ಫೋನಲ್ಲಿ 2 ಒತ್ತಿ ಹಿಡಿದರೆ ನಾನು, 3 ಒತ್ತಿದರೆ ಯಜಮಾನರು, 4 ಒತ್ತಿದರೆ ಆಂಟಿ. ಯಾರೂ ಎತ್ತದಿದ್ದರೆ ಮಗು ಎತ್ತಿಕೊಂಡು ಆಂಟಿ ಮನೆಗೆ ಓಟ.

ಆಂಬುಲೆನ್ಸ್, ಪೊಲೀಸ್, ಬೆಂಕಿ ಎಲ್ಲಕ್ಕೂ 112 ಸಾಕು ಅಂದೆ. ಆದರೆ ಅಕ್ಕನಿಗೆ 108 ಆಗಲೇ ಗೊತ್ತಿತ್ತು, ಊರಲ್ಲಿ ಎಲ್ಲರೂ ಆ ಗಾಡಿಯನ್ನೇ ಕರೆಯೋದು. ಸರಿ, ಆಂಬುಲೆನ್ಸಿಗೆ ಅದೇ ಇರಲಿ ಅಂದುಕೊಂಡೆ. ಗೊತ್ತಿಲ್ಲದೆ ಇದ್ದದ್ದು ನಮ್ಮ ವಿಳಾಸ! ಏರಿಯಾ, ಕ್ರಾಸ್, ಎದುರಿನ ಗಣಪತಿ ಗುಡಿ, ಎರಡನೇ ಮಹಡಿ ಅಂತ ಮಗ್ಗಿ ಥರ ಬಾಯಿಪಾಠ ಮಾಡಿದರು. ಈಗ ಮಗಳೂ ಹೇಳುತ್ತಾಳೆ.

ಜ್ವರದಲ್ಲಿ ಫಿಟ್ಸ್ ಬಂದರೆ? ಕೈಗೆ ಕಬ್ಬಿಣದ ಕೀ ಕೊಡಬೇಕು, ಈರುಳ್ಳಿ ಮೂಸಿಸಬೇಕು ಅಂದರು. ನಮ್ಮಜ್ಜಿಯೂ ಅದನ್ನೇ ಹೇಳುತ್ತಿದ್ದರು, ನಗಲಿಲ್ಲ. ಮುಂದಿನ ಲಸಿಕೆಗೆ ಅಕ್ಕನನ್ನೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ನೀರು, ಚಮಚ, ಬೆರಳು ಏನೂ ಹಾಕಬೇಡಿ, 5 ನಿಮಿಷವಾದರೂ ನಿಲ್ಲದಿದ್ದರೆ 108 ಅಂತ ಅವರೇ ಗೊಂಬೆ ಹಿಡಿದು ತೋರಿಸಿದರು. ನಾನು ಹತ್ತು ಸಲ ಹೇಳಿದ್ದರೂ ಅಷ್ಟು ನಾಟುತ್ತಿರಲಿಲ್ಲ.

ಮನೆಗೆ ಬಂದು ಔಷಧಿ ಡಬ್ಬಿ ತೆಗೆದರೆ ಎರಡು ಪ್ಯಾರಾಸಿಟಮಾಲ್ ಸಿರಪ್! 5 ಎಂ.ಎಲ್.ಗೆ ಒಂದರಲ್ಲಿ 125 ಎಂ.ಜಿ., ಇನ್ನೊಂದರಲ್ಲಿ 250. ನೋಡೋಕೆ ಎರಡೂ ಒಂದೇ ಥರ. ಒಂದನ್ನು ಎಸೆದೆ. ಉಳಿದದ್ದಕ್ಕೆ ಡಾಕ್ಟರ್ ಹೇಳಿದ ಅಳತೆಗೆ ಸಿರಿಂಜ್ ಮೇಲೆ ಕೆಂಪು ಟೇಪ್ ಸುತ್ತಿದೆ. ಆದರೂ ಕೊಡುವ ಮುಂಚೆ ನನಗೊಂದು ಫೋನ್ ಮಾಡಲೇಬೇಕು. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬಾರದು, ರೆಗ್ಯುಲೇಟರ್ ಆಫ್ ಮಾಡಿ ಕಿಟಕಿ ತೆಗೆದು ಹೊರಗೆ ಹೋಗಬೇಕು ಅನ್ನೋದು ಅಕ್ಕನಿಗೆ ಮೊದಲೇ ಗೊತ್ತಿತ್ತು.

ಎಲ್ಲ ಮುಗಿಯಿತು ಅಂತ ಎದ್ದೆ. ಅಕ್ಕ ಎದ್ದಿರಲಿಲ್ಲ.

"ನನಗ ಏನರ ಆದ್ರ ಕೂಸಿನ ಗತಿ ಏನ್ರೀ?"

ಅವರಿಗೆ ಬಿಪಿ ಇದೆ, ಮಾತ್ರೆ ನುಂಗುತ್ತಾರೆ ಅಂತ ಗೊತ್ತಾಗಿದ್ದೇ ಆಗ. ಅವರ ಮಗನ ನಂಬರೂ ನನ್ನ ಹತ್ತಿರ ಇರಲಿಲ್ಲ. ಬರೆದುಕೊಂಡೆ. ಈಗ ದಿನಾ ಹನ್ನೊಂದಕ್ಕೂ ಮೂರಕ್ಕೂ ಆಂಟಿ ಬೆಲ್ ಒತ್ತುತ್ತಾರೆ. ಹನ್ನೊಂದರ ಬೆಲ್ಲಿಗೆ ಕಾಫಿಯೂ ಆಗುತ್ತದಂತೆ.